ಬೆನ್ನಿಗೆ ಬಣ್ಣ

ವೇದಿಕೆಯ ಬೆಳಕಿನಲ್ಲಿ ಸ್ನಾಯುಗಳು ಎದ್ದು ಕಾಣಲೆಂದು ಮೈಗೆಲ್ಲ ಕಂದು ಬಣ್ಣ ಬಳಿದುಕೊಂಡ ದೇಹದಾರ್ಢ್ಯಪಟುವಿಗೆ ಬೆನ್ನು ಮಾತ್ರ ಎಟುಕಲಿಲ್ಲ. ತೋಳು ದಪ್ಪವಾದಷ್ಟೂ ಬೆನ್ನು ದೂರವಾಗುತ್ತದೆ, ಅದೇ ಈ ಕಸುಬಿನ ತಮಾಷೆ. ಸಭಾಂಗಣದ ಹಿಂದಿನ ಕೋಣೆಯಲ್ಲಿ ಉಳಿದ ಸ್ಪರ್ಧಿಗಳಿಗೆಲ್ಲ ಹೆಂಡತಿಯೋ ಗೆಳೆಯನೋ ಬಣ್ಣ ಹಚ್ಚುತ್ತಿದ್ದರು. ಇವನಿಗೆ ಯಾರೂ ಇರಲಿಲ್ಲ. ಕೊನೆಗೆ, ತನ್ನ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ನಿರ್ದೇಶಕಿಯನ್ನೇ ಕೇಳಿದ.

"ಮೇಡಂ, ಕ್ಯಾಮೆರಾ ಪಕ್ಕಕ್ಕಿಟ್ಟು ಸ್ವಲ್ಪ ಬೆನ್ನಿಗೆ ಹಚ್ತೀರಾ?"

ಬಣ್ಣದ ಸ್ಪಂಜು ಸೊಂಟದ ಬಳಿ ಬಂದಾಗ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಗಂಟುಗಳು ಅವಳ ಕೈಗೆ ತಾಗಿದವು. ಅವಳು ಸ್ಪಂಜು ನಿಲ್ಲಿಸಿದಳು.

"ಈ ಸ್ಟೆರಾಯ್ಡ್ ಬಿಡು, ಕಿಡ್ನಿ ಹೋಗುತ್ತೆ ಅಂತ ಡಾಕ್ಟರ್ ಹೇಳಿದ್ರಲ್ಲ?"

"ಇಲ್ಲಿ ಇಂಜೆಕ್ಷನ್ ತಗೊಳ್ದೇ ಇರೋರು ಯಾರಿದ್ದಾರೆ ಹೇಳಿ? ಬಿಟ್ರೆ ನಾನು ಕೊನೇ ಸಾಲು. ಇವತ್ತು ಗೆದ್ರೆ ಜಿಮ್‌ನಲ್ಲಿ ಕೋಚ್ ಕೆಲಸ ಖಾಯಂ. ನೀವು ಸಿನಿಮಾ ಮುಗಿಸ್ಕೊಂಡು ಹೋಗ್ತೀರಿ, ನಾನೇನ್ ಮಾಡ್ಲಿ?"

ನಿನ್ನೆಯಿಂದ ಅವನು ಹನಿ ನೀರೂ ಮುಟ್ಟಿರಲಿಲ್ಲ. ಕುಡಿದರೆ ಸ್ನಾಯುಗಳ ಗೆರೆ ಮಸುಕಾಗುತ್ತದೆಂಬುದು ಆ ಲೋಕದ ನಂಬಿಕೆ. ಅಷ್ಟರಲ್ಲಿ ಅವನ ಕಾಲು ಸೆಟೆದುಕೊಂಡಿತು. ಅಂಥ ಕಟ್ಟುಮಸ್ತಾದ ಆಳು ನೆಲಕ್ಕೆ ಕುಸಿದು ಹಲ್ಲು ಕಚ್ಚಿದ. ಅಕ್ಕಪಕ್ಕದವರು ಒಮ್ಮೆ ನೋಡಿ ಕನ್ನಡಿಯತ್ತ ತಿರುಗಿದರು. ಒಬ್ಬ ಕಡಿಮೆಯಾದರೆ ಅವರಿಗೇನು ನಷ್ಟ!

"ಮನೆಯವರಿಗೆ ಫೋನ್ ಮಾಡ್ತೀನಿ. ಯಾರಿಗೆ ಮಾಡ್ಲಿ?"

ಅವನು ಬಹಳ ಹೊತ್ತು ಯೋಚಿಸಿದ. ಅವನ ನರಳಾಟಕ್ಕಿಂತ ಆ ಯೋಚನೆಯೇ ಅವಳಿಗೆ ಹೆಚ್ಚು ಸಂಕಟ ತಂದಿತು.

"ಅಕ್ಕ ಇದ್ದಾಳೆ. ಅವಳ ಮದುವೆಗೂ ಹೋಗ್ಲಿಲ್ಲ ನಾನು. ಅಲ್ಲಿ ಊಟ ಮಾಡಿದ್ರೆ ಡಯಟ್ ಕೆಡುತ್ತೆ ಅಂತ... ಆಮೇಲೆ ಮಾತೇ ಇಲ್ಲ."

ಅವನು ಹೇಳಿದ ನಂಬರಿಗೆ ಕರೆ ಮಾಡಿ ಅವಳು ಫೋನನ್ನು ಅವನ ಕಿವಿಗೆ ಹಿಡಿದಳು. ಬೈಗುಳಕ್ಕೆ ಸಿದ್ಧನಾಗಿ ಅವನು ಕಣ್ಣು ಮುಚ್ಚಿಕೊಂಡ.

"ಅಕ್ಕಾ, ನಾನು."

ಆ ಕಡೆಯಿಂದ ಅಕ್ಕ ಕೇಳಿದಳು, "ಊಟ ಆಯ್ತಾ?"

ವೇದಿಕೆಯಿಂದ ಅವನ ಸಂಖ್ಯೆ ಕೂಗಿದರು; ಮತ್ತೊಮ್ಮೆ ಕೂಗಿದರು. ಅವನು ಏಳಲಿಲ್ಲ.

"ಇಲ್ಲ ಅಕ್ಕಾ. ನೀರೂ ಕುಡಿದಿಲ್ಲ."

"ಅಯ್ಯೋ ಹುಚ್ಚಪ್ಪಾ! ಮೊದ್ಲು ನೀರು ಕುಡಿ. ಆಮೇಲೆ ಮನೆಗೆ ಬಾ."

ಅವನು ನಿರ್ದೇಶಕಿಯ ಮುಂದೆ ಕೈ ಚಾಚಿದ. ಹೊರಗೆ ಮುಂದಿನವನ ಸಂಖ್ಯೆ ಕೂಗುವ ಹೊತ್ತಿಗೆ, ಅವಳು ಕೊಟ್ಟ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನು ನೀರು ಕುಡಿಯುತ್ತಿದ್ದ.