ಗಾಳಿ ಬಿಡ್ರಪ್ಪೋ

ನಾನು ಒಂದು ಪಂಪು. ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಕೊಯಮತ್ತೂರಿನ ಕಾರ್ಖಾನೆಯಲ್ಲಿ ಹೊಟ್ಟೆಗೆ ತಾಮ್ರದ ತಂತಿ ಸುತ್ತಿ ಮೊದಲ ಸಲ ಕರೆಂಟು ಕೊಟ್ಟಾಗಲೇ ಮೇಜಿನಿಂದ ಹಾರಿಬೀಳುವಷ್ಟು ಜೋರಾಗಿ ತಿರುಗಿದವನು.

ಮೊದಲು ಕಾರವಾರದ ಕಡಲ ಪಕ್ಕದ ರೆಸಾರ್ಟಿಗೆ ಹೋದೆ. ಬಿಸಿನೀರಿನ ತೊಟ್ಟಿಯ ಕೆಳಗಿನ ಪೆಟ್ಟಿಗೆಯಲ್ಲಿ ನನ್ನ ವಾಸ. ತೊಟ್ಟಿಯ ನೀರನ್ನು ಎಳೆದು, ಅದರ ಗೋಡೆಯ ತೂತುಗಳಿಂದ ರಭಸವಾಗಿ ಚಿಮ್ಮಿಸುವುದು ನನ್ನ ಕೆಲಸ. ಹೊಸ ದಂಪತಿಗಳು ಬಂದು ಕೂತು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಪೆಟ್ಟಿಗೆಯ ಸಂದಿನಿಂದ ನನಗೆ ಕಂಡದ್ದು ಅವರ ಚಪ್ಪಲಿಗಳು ಮಾತ್ರ. ಆಮೇಲೆ ರೆಸಾರ್ಟು ಮುಚ್ಚಿತು. ತೊಟ್ಟಿಯ ಸಮೇತ ಬಾಗಲಕೋಟೆಗೆ, ಡಾಕ್ಟರ್ ವಿಶಾಲಾಕ್ಷಿಯವರ ಫಿಸಿಯೋಥೆರಪಿ ಆಸ್ಪತ್ರೆಗೆ ಬಂದೆ.

ಇಲ್ಲಿ ನನ್ನ ಕೆಲಸಕ್ಕೊಂದು ಅರ್ಥ ಬಂತು. ಗುಳೇದಗುಡ್ಡದಿಂದ ನೀಲವ್ವ ಬರುತ್ತಿದ್ದಳು, ರವಿಕೆಯ ಖಣ ನೇಯುವವಳು. ಬಿದ್ದು ಮೊಣಕಾಲು ಮುರಿದಿತ್ತು, ಪ್ಲಾಸ್ಟರ್ ಬಿಚ್ಚಿದ ಮೇಲೆ ಮಡಚುತ್ತಲೇ ಇರಲಿಲ್ಲ. ಕುಣಿಮಗ್ಗಕ್ಕೆ ಇಳಿದು ಕೂತು ತುಳಿಯಬೇಕಾದ ಕಾಲು ಅದು.

"ದೀಪಾವಳಿ ಆದಮ್ಯಾಲಿನ ಗೌರಿ ಹುಣ್ಣಿವಿ ಒಳಗ ಕಾಲು ಮಡಚಲಿಲ್ಲಂದ್ರ ನಮ್ಮನಿಯವರು ಮಗ್ಗ ಮಾರಿಬಿಡತಾರ್ರೀ ಡಾಕ್ಟರಮ್ಮಾರ," ಎಂದಳು.

ನಾನು ಬಿಡುತ್ತೇನೆಯೇ? ಇದ್ದಬದ್ದ ಶಕ್ತಿಯನ್ನೆಲ್ಲ ಆ ಮೊಣಕಾಲಿಗೇ ಸುರಿದೆ. ಕಾಲು ದಿನದಿನಕ್ಕೆ ಇಷ್ಟಿಷ್ಟೇ ಮಣಿಯಿತು.

ಅಷ್ಟರಲ್ಲಿ ದೀಪಾವಳಿಯ ನೀರು ತುಂಬುವ ದಿನ ಬಂತು. ಆಸ್ಪತ್ರೆ ಗುಡಿಸುವ ಸಕ್ಕೂಬಾಯಿ, "ಹಬ್ಬದಾಗ ಹಳೇ ನೀರು ಇಟ್ಗೋಬಾರದ್ರೀ," ಎಂದು ತೊಟ್ಟಿಯ ನೀರೆಲ್ಲ ಹೊರಗೆ ಬಿಟ್ಟಳು. ಅಂಚಿಗೆ ಸುಣ್ಣ, ಕೆಮ್ಮಣ್ಣಿನ ಗೆರೆ ಎಳೆದಳು. ಮನೆಯ ಹಂಡೆಗೆ ಕಟ್ಟುವ ಹಾಗೆಯೇ ಹಿಂಡಲಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಆರತಿ ಬೆಳಗಿದಳು. ಭಕ್ತಿಗೇನೂ ಕೊರತೆಯಿರಲಿಲ್ಲ. ಆದರೆ ಬರಿದಾಗಿದ್ದ ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿತು. ಗಾಳಿ ಅಡ್ಡ ನಿಂತರೆ ನನಗೆ ನೀರು ಎಳೆಯಲಾಗದು.

ಮರುದಿನ ಸ್ವಿಚ್ಚು ಹಾಕಿದರು. ತಿರುಗಿದೆ, ತಿರುಗಿದೆ, ಒಂದು ಹನಿ ನೀರೂ ಸಿಗಲಿಲ್ಲ. ಗಂಟಲು ಒಣಗಿ ಗರಗರ ಎಂದೆ. ಗಾಳಿ ಬಿಡ್ರಪ್ಪೋ, ಗಾಳಿ ಬಿಡ್ರಿ ಎಂದು ನನ್ನ ಭಾಷೆಯಲ್ಲಿ ಒದರಿದೆ. ಡಾಕ್ಟರು ಫಿಲ್ಟರು ತೊಳೆದರು. ಸಕ್ಕೂಬಾಯಿ ಬಳ್ಳಿಯ ಎಲೆ ಸಿಕ್ಕಿದೆಯೇನೋ ಎಂದು ಜಾಲರಿ ತಡಕಿದಳು. ನೀಲವ್ವ ಟವೆಲ್ ಹೊದ್ದು ಕಾದು ಕಾದು ಹಾಗೇ ಹೋದಳು. ಹೀಗೇ ಕೆಲವು ದಿನ ಕಳೆಯಿತು. ಕಾಲು ಮತ್ತೆ ಬಿಗಿಯತೊಡಗಿತು. ನನ್ನ ಸಂಕಟ ಯಾರಿಗೆ ಹೇಳಲಿ?

ಕಡೆಗೆ ಮೆಕ್ಯಾನಿಕ್ ಮುನೀರ್ ಬಂದ. ನನ್ನ ಗರಗರಕ್ಕೆ ಕಿವಿಗೊಟ್ಟು, "ಇದರ ಕಥಿ ಮುಗೀತ್ರೀ ಮೇಡಂ," ಎಂದು ನನ್ನನ್ನು ಬಿಚ್ಚಿ ನೆಲಕ್ಕಿಟ್ಟ. ನನ್ನ ಜಾಗದಲ್ಲಿ ಹೊಸ ಪಂಪು ಕೂರಿಸಿ ನೀರು ಬಿಟ್ಟ. ಜೋಡಣೆ ತುಸು ಸಡಿಲವಾಗಿತ್ತು. ಬುಸ್ಸೆಂದು ಗಾಳಿ ಹೊರಟಿತು, ಹಿಂದೆಯೇ ನೀರು ಚಿಮ್ಮಿ ಅವನ ಮೀಸೆ ತೋಯಿಸಿತು.

"ಟೈಟ್ ಆಗಿಲ್ಲ," ಎಂದು ಬಿಗಿ ಮಾಡಿದ.

ಜೋಡಣೆ ತುಸು ಸಡಿಲಿಸಿ ಗಾಳಿ ಹೊರಗೆ ಬಿಡುವುದು, ನನಗೆ ಬೇಕಾಗಿದ್ದ ಔಷಧಿ ಅದೇ, ಅಷ್ಟೇ. ಯಾರಿಗೂ ತಿಳಿಯಲಿಲ್ಲ. ಹೊಸದು ಓಡಿತು. ಎಲ್ಲರೂ ನನ್ನ ಕಡೆ ನೋಡಿ ತಲೆಯಾಡಿಸಿದರು.

ಈಗ ಹಿಂದಿನ ವರಾಂಡದ ಮೂಲೆಯಲ್ಲಿ, ಗುಜರಿಯವನ ಗಾಡಿ ಕಾಯುತ್ತ ಬಿದ್ದಿದ್ದೇನೆ. ನಿನ್ನೆ ನೀಲವ್ವ ಕೊನೆಯ ಸಲ ಬಂದಿದ್ದಳು. ನನ್ನ ಪಕ್ಕದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬುತ್ತಿ ಬಿಚ್ಚಿದಳು. ಕಾಲು ಮಡಚಿತ್ತು, ಮಗ್ಗ ಉಳಿದಿತ್ತು. ನನಗೆ ನಿಜವಾಗಿ ಸಂತೋಷವಾಯಿತು. ರೊಟ್ಟಿ ಮುರಿಯುತ್ತ ಅವಳು ನನ್ನ ಬೆನ್ನು ಸವರಿದಳು.

"ಪಾಪ, ನಿನಗೂ ವಯಸ್ಸಾಗಿತ್ತು ಬಿಡು," ಎಂದಳು.

ಇಲ್ಲವ್ವಾ, ಬರೀ ಗಾಳಿ, ಎನ್ನಬೇಕೆಂದು ಒದ್ದಾಡಿದೆ. ವೈರು ಕತ್ತರಿಸಿಬಿಟ್ಟಿದ್ದರು, ಗರಗರ ಎನ್ನಲೂ ಆಗಲಿಲ್ಲ.