ಗಡಗಡೆ

ಚಹಾಪುಡಿಯ ಡಬ್ಬಿ ಮೇಲಿನ ಹಲಗೆಯಲ್ಲಿತ್ತು. ದೀಪಾಲಿ ಬಲಗೈ ಎತ್ತಿದಳು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನಷ್ಟು ಎತ್ತಲು ನೋಡಿದಾಗ ಭುಜದೊಳಗೆ ಏನೋ ಕಚ್ಚಿತು. ಕೊನೆಗೆ ಎಡಗೈಯಲ್ಲಿ ಡಬ್ಬಿ ಇಳಿಸಿದಳು. ಹಾಗೆ ಮೊದಲೇ ಮಾಡಬಹುದಿತ್ತು. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಗಂಡ ಸುಜಯ ಇಳಿಸಿಕೊಡುತ್ತಿದ್ದುದರಿಂದ ಅದು ತೋಚಿರಲಿಲ್ಲ. ಸುಜಯ ಸತ್ತು ಹದಿನಾಲ್ಕು ದಿನವಾಗಿತ್ತು. ಹಿಂದಿನ ಸಂಜೆಯ ಬಸ್ಸಿಗೆ ಕೊನೆಯ ನೆಂಟರೂ ಹೋಗಿದ್ದರು.

ಡಬ್ಬಿಯ ಹಿಂದೆ ಬಟ್ಟೆಯ ಚೀಲವಿತ್ತು. ಒಳಗೆ ಕೈ ಹಾಕಿದರೆ ತಣ್ಣನೆಯ ಕಬ್ಬಿಣ. ಬೊಬ್ರುವಾಡದ ಆಚೆ ಕೇರಿಯಲ್ಲಿ ಮೀನು ಮಾರುವ ಹೀರಾಳ ಬಾವಿಯ ಗಡಗಡೆ, ನೀರು ಸೇದುವ ರಾಟೆ. ಜ್ವರ ಬರುವ ನಾಲ್ಕು ದಿನ ಮೊದಲು ಸುಜಯ ಅದನ್ನು ಕೇಳಿ ತಂದಿದ್ದ. ಆಪರೇಶನ್ ಆದ ಮೇಲೆ ಮಾಡಬೇಕಾದ ವ್ಯಾಯಾಮದ ಚಿತ್ರ ಡಾಕ್ಟರು ಕೊಟ್ಟ ಕಾಗದದಲ್ಲಿತ್ತು: ಬಾಗಿಲ ಚೌಕಟ್ಟಿಗೆ ಗಡಗಡೆ, ಹಗ್ಗದ ಒಂದು ತುದಿ ಒಳ್ಳೆಯ ಕೈಯಲ್ಲಿ, ಇನ್ನೊಂದು ಹೊಲಿದ ಕೈಯಲ್ಲಿ. ಒಂದು ಎಳೆದರೆ ಇನ್ನೊಂದು ಏಳಬೇಕು.

"ಆಪರೇಶನ್ ಅಂದ್ರೆ ನೀ ಗಡಗಡ ನಡುಗ್ತೆ ಅಲಾ, ಅದ್ಕೇ ಗಡಗಡೆ ತಂದೆ," ಎಂದು ಅವನು ನಕ್ಕಿದ್ದ.

ಮೇ ಕೊನೆಯಲ್ಲಿ ಕಾರವಾರದ ಶಾಲೆಗೆ ಹೋಗುವಾಗ, ಬಾಳೆಗುಳಿಯಲ್ಲಿ ಬಸ್ಸು ಒಮ್ಮೆಲೇ ಬ್ರೇಕು ಹಾಕಿತ್ತು. ಮೇಲಿನ ಸರಳು ಹಿಡಿದು ನಿಂತಿದ್ದ ದೀಪಾಲಿಯ ಕೈ ಅಲ್ಲೇ ಉಳಿದು ಮೈ ಮಾತ್ರ ಮುಂದೆ ಹೋಗಿತ್ತು. ನರ ಹರಿದಿದೆ ಎಂದು ಎಲ್ಲರೂ ಹೇಳಿದರು. ನರವಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟಿದ ಹಗ್ಗ ಎಂದು ಡಾಕ್ಟರು ತಿದ್ದಿದರು. ಭುಜ ಕೊಯ್ಯುವುದಿಲ್ಲ, ಸಣ್ಣ ತೂತಿನಲ್ಲಿ ದುರ್ಬೀನು ಇಳಿಸಿ ಹೊಲಿಯುತ್ತೇವೆ ಎಂದರು. ತಡ ಮಾಡಿದರೆ ಹರಿದ ತುದಿ ಒಳಗೆ ಸರಿಯುತ್ತದೆ, ಮತ್ತೆ ಎಳೆದರೂ ಬರುವುದಿಲ್ಲ. ಹೊಲಿಯುವವರು ಗೋವಾದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಅವಳ ಸರದಿ ಬರುವ ಶನಿವಾರ.

ಶಾಲೆಯಲ್ಲಿ ಅವಳು ಕರಿಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಗಣಿತ ಬರೆಯುತ್ತಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈಗ ಅವಳಿಗೂ ಅತ್ತೆಗೂ ಇದ್ದದ್ದು ಅದೊಂದೇ.

"ಶನಿವಾರ ಹೋಗೂದೇಯಾ?" ಅತ್ತೆ ಗಂಗೂ ಬಾಗಿಲಲ್ಲಿ ನಿಂತು ಕೇಳಿದಳು.

"ಗೊತ್ತಿಲ್ಲ ಅತ್ತೆ."

"ಅದೇ ಆಸ್ಪತ್ರೆಯಾ?"

"ಅದೇಯ."

ಗಂಗೂ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅದರ ಹೆಸರು ನಂಗೆ ಕೇಳೂದೇ ಬೇಡ. ವರ್ಷ ಕಳೀಲಿ ತಂಗಿ."

"ವರ್ಷ ಕಳದ್ರೆ ಹೊಲಿಯೂಕೆ ಸಿಗೂದಿಲ್ಲ."

ಸುಜಯನಿಗೆ ಇಲಿಜ್ವರ. ನಾಲ್ಕನೆಯ ದಿನ ಅದೇ ಆಸ್ಪತ್ರೆಯಲ್ಲಿ ಉಸಿರು ಕಟ್ಟತೊಡಗಿದಾಗ, "ಸ್ವಲ್ಪ ನಿದ್ದೆ ಬರಿಸ್ತೇವೆ, ಮಷಿನ್ ಹಾಕ್ಲಿಕ್ಕೆ," ಎಂದಿದ್ದರು. "ಎದ್ಮೇಲೆ ಮಾತಾಡ್ವಾ," ಎಂದು ಸುಜಯ ಕಣ್ಣು ಮುಚ್ಚಿದ್ದ. ಆಮೇಲೆ ಎರಡು ದಿನ ಮಷಿನ್ ಉಸಿರಾಡಿತ್ತು.

ಶುಕ್ರವಾರದವರೆಗೂ ಅವಳು ಹೋಗುತ್ತೇನೆ ಎನ್ನಲಿಲ್ಲ. ಶನಿವಾರ ಬೆಳಿಗ್ಗೆ ಗಂಗೂ ತಾನೇ ಒಳ್ಳೆಯ ಸೀರೆ ಉಟ್ಟು ಜಗುಲಿಯಲ್ಲಿ ಕುಳಿತಿದ್ದಳು.

ಆಸ್ಪತ್ರೆಯ ನರ್ಸು ಒಪ್ಪಿಗೆಯ ಕಾಗದ ತಿರುವಿ ನೋಡಿದಳು. "ಗಂಡನ ಸಹಿ ಮೊದ್ಲೇ ಆಗಿದೆ. ಅವ್ರು ಬಂದಾರಾ?"

ದೀಪಾಲಿ ಆ ಸಹಿಯನ್ನೇ ನೋಡಿದಳು.

"ನಾ ಬಂದೆ," ಎಂದು ಗಂಗೂ ಪೆನ್ನಿಗೆ ಕೈ ಚಾಚಿದಳು. ಮಗನ ಸಹಿಯ ಕೆಳಗೆ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಅಷ್ಟು ಹೊತ್ತೂ ಅವಳ ಎಡಗೈ ದೀಪಾಲಿಯ ಸೆರಗನ್ನು ಹಿಡಿದೇ ಇತ್ತು.

ಒಳಗೆ ಚಳಿಯಿತ್ತು. ಅರಿವಳಿಕೆ ಕೊಡುವ ಡಾಕ್ಟರು ನಡುವಯಸ್ಸಿನ ಹೆಂಗಸು. ಕೈಗೆ ಸೂಜಿ ಚುಚ್ಚಿಟ್ಟು, ಮದ್ದಿನ ಸಿರಿಂಜು ಎತ್ತಿಕೊಂಡು, "ಈಗ ಸ್ವಲ್ಪ ನಿದ್ದೆ ಬರ್ತದೆ," ಎಂದರು.

ದೀಪಾಲಿ ನಡುಗತೊಡಗಿದಳು. ಹಲ್ಲು ಹಲ್ಲಿಗೆ ಬಡಿಯಿತು. ಮೇಜಿನ ಬದಿಯ ಕಂಬಿಯೂ ಅವಳೊಂದಿಗೆ ಅಲುಗುವ ಸದ್ದು ಕೇಳಿಸಿತು.

"ಚಳಿಯಾ?"

"ಅಲ್ಲ. ಏಳದೇ ಇರೂದೂ ಉಂಟಾ?"

ಡಾಕ್ಟರು ಸಿರಿಂಜು ಕೆಳಗಿಟ್ಟರು. "ಉಂಟು. ಬಹಳ ಕಡಿಮೆ. ಸುಳ್ಳು ಹೇಳೂದಿಲ್ಲ. ನೀವು ಏಳೂವರೆಗೆ ನಾನು ಇಲ್ಲೇ ನಿಮ್ಮ ತಲೆ ಹತ್ರ ಕೂತಿರ್ತೆ, ಎಲ್ಲೂ ಹೋಗೂದಿಲ್ಲ." ಕಾಗದ ನೋಡಿ ಕೇಳಿದರು: "ಎಂತಾ ಕಲಿಸ್ತ್ರಿ ಶಾಲೇಲಿ?"

"ಗಣಿತ."

"ಹದಿನೇಳರ ಮಗ್ಗಿ ಹೇಳಿ ನೋಡುವಾ. ನಂಗೆ ಯಾವತ್ತೂ ಬಂದದ್ದಿಲ್ಲ." ಡಾಕ್ಟರು ಸಿರಿಂಜು ಮತ್ತೆ ಎತ್ತಿಕೊಂಡರು.

"ಹದಿನೇಳೊಂದ್ಲೆ ಹದಿನೇಳು. ಹದಿನೇಳೆರಡ್ಲೆ ಮೂವತ್ನಾಕು. ಹದಿನೇಳ್ಮೂರ್ಲೆ ಐವತ್ತೊಂದು. ಹದಿನೇಳ್ನಾಕ್ಲೆ ಅರವತ್ತೆಂಟು. ಹದಿನೇಳೈದ್ಲೆ..."

"ಎಂಬತ್ತೈದು," ಎಂದಳು.

ಕಣ್ಣು ಬಿಟ್ಟರೆ ಮೇಲೆ ವಾರ್ಡಿನ ಫ್ಯಾನು ತಿರುಗುತ್ತಿತ್ತು. ಗಂಗೂ ಬಗ್ಗಿ ಮುಖ ನೋಡಿದಳು. "ಎಂತದೇ ಎಂಬತ್ತೈದು? ಡಾಕ್ಟ್ರೇ, ಇವ್ಳ ತಲೆಗೆ ಎಂತಾ ಮಾಡ್ದ್ರಿ?"

ದೀಪಾಲಿಗೆ ಅಳು ಬಂತು. ಸುಜಯ ಸತ್ತಂದಿನಿಂದ ಬಾರದಿದ್ದ ಅಳು. ಗಂಗೂ ಅದನ್ನು ನೋವೆಂದು ತಿಳಿದು ನರ್ಸನ್ನು ಕೂಗಿದಳು.

ಪಟ್ಟಿ ಬದಲಿಸುವಾಗ ಭುಜದ ಮೇಲೆ ನಾಲ್ಕು ಸಣ್ಣ ಗಾಯ ಕಂಡವು. "ಇಷ್ಟೇ ತೂತಾ?" ಎಂದು ಗಂಗೂ ಕೇಳಿದಳು, ಮೋಸ ಹೋದವಳಂತೆ.

ಆರು ವಾರ ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಆಮೇಲೆ ಆಚೆ ಮನೆಯ ತಿಮ್ಮು ಬಂದು ಬಾಗಿಲ ಚೌಕಟ್ಟಿಗೆ ಕೊಕ್ಕೆ ಹೊಡೆದು ಗಡಗಡೆ ತೂಗಹಾಕಿಕೊಟ್ಟ. ಜೋರಾಗಿ ಎಳೆದರೆ ಹೊಲಿಗೆ ಹರಿಯುತ್ತದೆ, ಎಳೆಯದೇ ಇದ್ದರೆ ಭುಜ ಬಿಗಿದು ಹೋಗುತ್ತದೆ ಎಂದಿದ್ದರು ಡಾಕ್ಟರು. ಎಷ್ಟು ಎಳೆದರೆ ಜೋರು ಎಂದು ಅವಳಿಗೆ ತಿಳಿಯಲಿಲ್ಲ. ಮೊದಲ ದಿನ ಹಗ್ಗದ ಎರಡೂ ತುದಿ ಹಿಡಿದು ಕುರ್ಚಿಯಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಳು. ಕೊನೆಗೆ ಎಡಗೈ ಎಳೆಯಿತು. ಬಲಗೈ ತನ್ನಷ್ಟಕ್ಕೇ ಎದ್ದಿತು, ಮೇಲಿನಿಂದ ಯಾರೋ ಹಿಡಿದು ಎತ್ತಿದ ಹಾಗೆ. ಅವಳು ತಲೆಯೆತ್ತಿ ನೋಡಿದಳು. ಗಡಗಡೆಯೊಂದೇ ಇತ್ತು.

ದಿನಕ್ಕೆ ಮೂರು ಸಲ, ಹತ್ತು ಹತ್ತು. ಒಳಗೆ ಏನಾದರೂ ಚಟ್ ಎಂದರೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಕೈ ಹೆಗಲ ಮಟ್ಟಕ್ಕೆ ಬಂತು. ಜನವರಿಯಲ್ಲಿ ಹಗ್ಗವಿಲ್ಲದೆ ಶಾಲೆಯ ಕರಿಹಲಗೆಯ ಮೇಲಿನ ಅಂಚಿನಲ್ಲಿ ತಾರೀಕು ಬರೆದಳು. ಹಿಂದಿನ ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಿ, ಕೂಡಲೇ ನಿಲ್ಲಿಸಿದರು.

ಫೆಬ್ರುವರಿಯ ಒಂದು ಭಾನುವಾರ ಗಡಗಡೆ ಒರೆಸಿ, ಎಣ್ಣೆ ಹಾಕಿ, ಅದೇ ಚೀಲದಲ್ಲಿಟ್ಟುಕೊಂಡು ಆಚೆ ಕೇರಿಗೆ ಹೋದಳು. ಹೀರಾ ಬಾವಿಯ ಕಟ್ಟೆಗೆ ಹಳೆಯ ಟಯರಿನ ತುಂಡು ಹಾಸಿ, ಅದರ ಮೇಲೆ ಹಗ್ಗ ಜಾರಿಸಿ ಕೊಡ ಎಳೆಯುತ್ತಿದ್ದಳು. ಮೊಣಕೈವರೆಗೆ ಒದ್ದೆಯಾಗಿದ್ದಳು.

"ಬನ್ನಿ ಬಾಯೋರೆ," ಎಂದಳು. ಆ ಕೇರಿಯಲ್ಲಿ ಟೀಚರನ್ನು ಕರೆಯುವುದು ಹಾಗೆ.

ದೀಪಾಲಿ ಚೀಲ ಬಿಚ್ಚಿದಳು.

"ಎರಡು ದಿನಕ್ಕೆ ಅಂತ ತಕಂಡೋದ. ಅವ್ನ ಎರಡು ದಿನ ಈಗ ಮುಗೀತಾ?" ಹೀರಾ ಅಂದುಬಿಟ್ಟು, ಕೆಳತುಟಿ ಕಚ್ಚಿಕೊಂಡಳು.

"ಕೇಳ್ಬಹುದಿತ್ತಲ್ಲ ನೀವು."

"ಹೆಂಗೆ ಕೇಳೂದು? ಮಳೆಗಾಲದಲ್ಲಿ ನೀರು ಕೈಗೇ ಸಿಗ್ತಿತ್ತು. ಈಗೀಗ ಕೆಳಗೆ ಹೋದದ್ದು." ಕೈ ಸೆರಗಿಗೆ ಒರೆಸಿ ಚಾಚಿದಳು. "ತನ್ನಿ, ನಾ ಹಾಕ್ತೆ. ನಿಮ್ಮ ಕೈ..."

"ಬೇಡ."

ಬಾವಿಯ ಮೇಲಿನ ಅಡ್ಡಮರದಲ್ಲಿ ಕಬ್ಬಿಣದ ಬಳೆ ಖಾಲಿ ತೂಗುತ್ತಿತ್ತು. ದೀಪಾಲಿ ಗಡಗಡೆಯನ್ನು ಬಲಗೈಗೆ ತೆಗೆದುಕೊಂಡಳು. ಎದೆ ದಾಟಿತು. ಹೆಗಲು ದಾಟಿತು. ಕಿವಿಯ ಹತ್ತಿರ ಬಂತು. ಅಲ್ಲೇ ನಿಲ್ಲಿಸಿ ಒಂದು ಉಸಿರು ಬಿಟ್ಟಳು. ಕೊಕ್ಕೆ ಬಳೆಗೆ ತಾಗಿತು, ತಪ್ಪಿತು, ಮತ್ತೆ ತಾಗಿ ಒಳಗೆ ಕೂತಿತು.

ಹೀರಾ ಹಗ್ಗ ಪೋಣಿಸಿ ಕೊಡ ಇಳಿಯಬಿಟ್ಟಳು. ಗಡಗಡೆ ತಿರುಗಿತು. ಸದ್ದು ಬಾವಿಯೊಳಗೆ ಇಳಿದು, ನೀರಿಗೆ ಬಡಿದು ಮೇಲೆ ಬಂತು.

"ಕೈ ಇಳ್ಸಿ ಬಾಯೋರೆ," ಎಂದಳು ಹೀರಾ, "ಹಗ್ಗ ತಾಗ್ತದೆ."