ಸಾ. ಕೋಣೆ

ಶಾಲೆಯ ಸುತ್ತ ನಿಲ್ಲಿಸಿದ್ದ ತಗಡುಗಳನ್ನು ಕಳಚಿದರೆಂದು ಕೇಳಿ ನಾನು ನಮ್ಮ ಬೀದಿಯ ಆ ತುದಿಗೆ ಹೋದೆ. ಸೊಸೆ ತೀರಿಕೊಂಡ ಮೇಲೆ ಅತ್ತ ಕಾಲಿಟ್ಟಿರಲಿಲ್ಲ. ಹಾಲು ತರುವುದಕ್ಕೂ ಹಿಂದಿನ ಗಲ್ಲಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಅವಳು ನಕ್ಷೆ ಬರೆದ ಕಟ್ಟಡವನ್ನು ಒಮ್ಮೆ ಕಣ್ಣು ತುಂಬ ನೋಡಿ, ದೇವರೇ ಇಷ್ಟಾದರೂ ಉಳಿಸಿದೆಯಲ್ಲ ಎಂದು ಹೇಳಿ ಬರೋಣ ಎಂದುಕೊಂಡಿದ್ದೆ.

ಎರಡು ಅಂತಸ್ತಿನ ಶಾಲೆ. ಮೇಲಿನ ತರಗತಿಗಳ ಕಿಟಕಿಗಳು ಮಕ್ಕಳ ಮೊಣಕೈ ಊರುವಷ್ಟು ತಗ್ಗಿನಲ್ಲಿದ್ದವು. ಅವಳು ಹಾಗೆಯೇ ಹೇಳುತ್ತಿದ್ದಳು. ಮೆಟ್ಟಿಲುಗಳು ಅಗಲವಾಗಿದ್ದವು. ಅದನ್ನೂ ಹೇಳಿದ್ದಳು. ಸಂತೋಷದಿಂದಲೇ ಮೂಲೆ ತಿರುಗಿ ಬೀದಿಯ ಮಗ್ಗುಲಿಗೆ ಬಂದೆ. ಅಲ್ಲಿ ಗೋಡೆ ಇತ್ತು. ಈ ತುದಿಯಿಂದ ಆ ತುದಿಯವರೆಗೆ ಬರಿಯ ಗೋಡೆ, ಕೈಗೆಟುಕದ ಎತ್ತರದಲ್ಲಿ ಎರಡು ಗವಾಕ್ಷಿ.

ಎದುರುಗಡೆ ಇಸ್ತ್ರಿಯವನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಬಂದ.

"ಅಮ್ಮಾ, ನಮ್ಮ ಬಾಗಿಲು ಎಲ್ಲಿ? ಒಳಗಡೆಯಿಂದ ಇಟ್ಟಿದ್ದಾರಾ?"

ನಾನು ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದೆ. ಹುಚ್ಚಿಯ ಹಾಗೆ ಕಂಡಿರಬೇಕು. ಅವನು ತನ್ನ ಮೇಜಿನ ಕಡೆಗೆ ಹಿಂದಿರುಗಿದ.

ಆ ಬಾಗಿಲಿನ ವಿಷಯ ಹೇಳಬೇಕು. ನಮ್ಮ ಬೀದಿಯ ಮನೆಗಳೆಲ್ಲ ಒಂದೊಂದು, ಎರಡೆರಡು ಕೋಣೆಯವು. ಕಾಲು ಚಾಚಿದರೆ ಗೋಡೆ. ನಾಲ್ಕು ಜನ ಒಟ್ಟಿಗೆ ಕೂರುವಷ್ಟು ಜಾಗ ಯಾರ ಮನೆಯಲ್ಲೂ ಇಲ್ಲ. "ಇಡೀ ಬೀದಿಗೆ ಇರೋ ದೊಡ್ಡ ಸೂರು ಶಾಲೆ ಒಂದೇ ಅತ್ತೆ. ನಾಲ್ಕು ಗಂಟೆಗೆ ಅದಕ್ಕೂ ಬೀಗ ಹಾಕ್ತಾರೆ" ಎಂದು ಸೊಸೆ ಹೇಳುತ್ತಿದ್ದಳು. ಹಳೆಯ ಶಾಲೆಯನ್ನು ಕೆಡವಿ ಹೊಸದು ಕಟ್ಟುವ ಕೆಲಸ ಅವಳ ಕಚೇರಿಗೆ ಬಂದಾಗ, ಕೆಳಗೆ ಬೀದಿಗೆ ತಾಗಿದ ಒಂದು ದೊಡ್ಡ ಕೋಣೆಯನ್ನು ಇಟ್ಟಳು. ಹಗಲು ಅದು ಮಕ್ಕಳು ಓದುವ ಕೋಣೆ. ಶಾಲೆ ಬಿಟ್ಟ ಮೇಲೆ ಒಳಗಿನ ಬಾಗಿಲು ಮುಚ್ಚಿ ಬೀದಿಯ ಬಾಗಿಲು ತೆರೆಯುವುದು. ಆಗ ಅದು ಬೀದಿಯವರದು. ನೀರಿನ ನಲ್ಲಿ, ಶೌಚಾಲಯ ಎರಡಕ್ಕೂ ಆ ಕೋಣೆಯಿಂದಲೇ ದಾರಿ. ಹೊರಗಿನವರು ತರಗತಿಗಳ ಕಡೆಗೆ ಹೋಗುವ ಹಾಗಿಲ್ಲ, ಹೋಗುವ ಅವಶ್ಯವೂ ಇಲ್ಲ.

"ಎರಡು ಬಾಗಿಲು ಯಾವತ್ತೂ ಒಟ್ಟಿಗೆ ತೆರೆಯೋದಿಲ್ಲ. ಅತ್ತೆ ಸೊಸೆ ಬಾಯಿ ಇದ್ದ ಹಾಗೆ. ಒಬ್ಬರು ತೆರೆದಾಗ ಇನ್ನೊಬ್ಬರು ಮುಚ್ಚಬೇಕು" ಎಂದು ನಗುತ್ತಿದ್ದಳು.

"ನಮ್ಮ ಮನೇಲಿ ಮುಚ್ಚೋದು ಯಾರು ಅಂತ ಊರಿಗೇ ಗೊತ್ತು" ಎಂದು ನಾನೂ ಬಿಡುತ್ತಿರಲಿಲ್ಲ.

ಇಸ್ತ್ರಿಯವನಿಗೆ ಆ ಕೋಣೆಯ ಮೇಲೆ ಎಲ್ಲರಿಗಿಂತ ಹೆಚ್ಚು ಆಸೆ. ಅವನ ತಾಯಿಗೆ ವಯಸ್ಸಾಗಿದೆ. ಕೆಲವು ದಿನ ಎಲ್ಲ ಸರಿಯಾಗಿಯೇ ಇರುತ್ತದೆ, ಕೆಲವು ದಿನ ದಾರಿ ಮರೆತು ದೊಡ್ಡ ರಸ್ತೆಗೆ ನಡೆದುಬಿಡುತ್ತಾಳೆ. ಒಮ್ಮೆ ಲಾರಿಯವನು ಎತ್ತಿಕೊಂಡು ಬಂದು ಬಿಟ್ಟಿದ್ದ. ಆಮೇಲೆ ಇವನು ಕೆಲಸಕ್ಕೆ ಬರುವಾಗ ಹೊರಗಿನಿಂದ ಚಿಲಕ ಹಾಕಿ ಬರುತ್ತಾನೆ. ಹೆಂಡತಿ ಮನೆಗೆಲಸಕ್ಕೆ ಹೋಗುತ್ತಾಳೆ, ಮಗಳು ಶಾಲೆಗೆ. ಹಗಲು ಪೂರ್ತಿ ಮುದುಕಿ ಒಬ್ಬಳೇ. ಸೊಸೆ ಇದನ್ನು ನೋಡಿ, ಓದುವ ಕೋಣೆಯ ಒಂದು ಮೂಲೆಯನ್ನು ಹಗಲಿನಲ್ಲೂ ವಯಸ್ಸಾದವರಿಗೆ ಬಿಡಬೇಕೆಂದು ಆಗಿನ ಹೆಡ್ಮಾಸ್ಟರರನ್ನು ಒಪ್ಪಿಸಿದ್ದಳು. ಬೀದಿಯ ಬಾಗಿಲು, ಹಗಲು ಮುಚ್ಚಿದ್ದರೂ ಒಳಗೆ ಕಾಣುವಂಥ ಸರಳಿನದು, ಸರಿಯಾಗಿ ಇಸ್ತ್ರಿಯ ಮೇಜಿನ ಎದುರಿಗೆ ಬರುತ್ತಿತ್ತು. ಬಟ್ಟೆ ತಿರುವಿ ಹಾಕುತ್ತ ಇವನು ತಲೆ ಎತ್ತಿದರೆ ತಾಯಿ ಕಾಣಬೇಕು. ಅಷ್ಟನ್ನು ಲೆಕ್ಕ ಹಾಕಿಯೇ ಬಾಗಿಲಿನ ಜಾಗ ಗೊತ್ತು ಮಾಡಿದ್ದಳು.

ಆಮೇಲೆ ಜ್ವರ ಬಂತು. ಒಂದು ವಾರ ಎಲ್ಲರಿಗೂ ಬರುವ ಜ್ವರದ ಹಾಗೆ ಕಂಡದ್ದು, ಆಸ್ಪತ್ರೆಗೆ ಹೋದ ಮೇಲೆ ಇಳಿಯಲೇ ಇಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಮುಗಿಯುವ ಮೊದಲೇ ಅವಳ ಕಾಲ ಮುಗಿಯಿತು. ದೇವರ ಲೆಕ್ಕ ನಮಗೆ ತಿಳಿಯುವಂಥದ್ದಲ್ಲ.

ಗೋಡೆ ನೋಡಿದ ಮಾರನೆಯ ದಿನ ಗುತ್ತಿಗೆದಾರನ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಕುರ್ಚಿ ಒರೆಸಿ ಕೊಟ್ಟ.

"ಅದು ಸಾಮಾನು ಕೋಣೆ ಅಲ್ವಾ ಅಮ್ಮ? ಮುರಿದ ಬೆಂಚು, ಆಟದ ಸಾಮಾನು ಇಡೋದಕ್ಕೆ. ಅದಕ್ಕೆ ಬೀದಿ ಕಡೆ ಬಾಗಿಲು ಇಟ್ಟರೆ ಬೆಳಗಾಗೋದರೊಳಗೆ ಬೆಂಚೂ ಇರಲ್ಲ, ಬಾಗಿಲೂ ಇರಲ್ಲ."

"ಸಾಮಾನು ಕೋಣೆ ಅಂತ ನಿಮಗೆ ಯಾರು ಹೇಳಿದ್ದು?"

ಅವನು ನಕ್ಷೆ ಬಿಡಿಸಿ ತೋರಿಸಿದ. ಆ ಜಾಗದಲ್ಲಿ 'ಸಾ. ಕೋಣೆ' ಎಂದಿತ್ತು.

ನನಗೆ ಆ ಕ್ಷಣದಲ್ಲೇ ಎಲ್ಲ ತಿಳಿಯಿತು. ಸೊಸೆಗೆ ಯಾವ ಮಾತನ್ನೂ ಪೂರ್ತಿ ಬರೆಯುವ ಅಭ್ಯಾಸವಿರಲಿಲ್ಲ. ತರಗತಿ ಎಂದರೆ 'ತ.', ಶೌಚಾಲಯ ಎಂದರೆ 'ಶೌ.'. ಅಡುಗೆಮನೆಯ ಡಬ್ಬಿಗಳ ಮೇಲೂ ಅಷ್ಟೇ. 'ಸಾ.' ಎಂದು ಎರಡು ಡಬ್ಬಿಗಳ ಮೇಲೆ ಬರೆದು, ಸಾಸಿವೆ ಯಾವುದು ಸಾರಿನ ಪುಡಿ ಯಾವುದು ಎಂದು ನಾವು ದಿನವೂ ಮುಚ್ಚಳ ತೆಗೆದು ನೋಡುವ ಹಾಗೆ ಮಾಡಿದ್ದಳು. ಕೆಲಸಕ್ಕೆ ಹೊರಡುವಾಗ ನನಗೆ ಚೀಟಿ ಬರೆದಿಟ್ಟರೆ ಮೇಲೆ ಬರಿಯ 'ಅ.' ಎಂದಿರುತ್ತಿತ್ತು. "ಅತ್ತೆ ಅಂತ ಬರೆಯೋದಕ್ಕೆ ಕೈ ನೋಯುತ್ತಾ?" ಎಂದು ಒಮ್ಮೆ ರೇಗಿದೆ. "ಅತ್ತೆಗೂ ಅ, ಅಮ್ಮನಿಗೂ ಅ. ನೀವು ಯಾವುದು ಬೇಕೋ ಅದನ್ನ ಓದಿಕೊಳ್ಳಿ" ಎಂದಳು. ಅಂದಿನಿಂದ ನಾನು ರೇಗಲಿಲ್ಲ.

"ಸಾ. ಅಂದರೆ ಸಾರ್ವಜನಿಕ" ಎಂದೆ.

ಗುತ್ತಿಗೆದಾರ ನಕ್ಷೆಯನ್ನೂ ನನ್ನನ್ನೂ ನೋಡಿದ. "ಇರಬಹುದು ಅಮ್ಮ. ಆದರೆ ನಾನು ಕಟ್ಟಿದ ಎಲ್ಲ ಶಾಲೆಯಲ್ಲೂ ಸಾ. ಅಂದರೆ ಸಾಮಾನೇ."

ಸೊಸೆಯ ಕಚೇರಿಗೂ ಹೋದೆ. ಅವಳ ಜೊತೆ ಕೆಲಸ ಮಾಡುತ್ತಿದ್ದವನನ್ನು ಅವಳು ಉದ್ದಣ್ಣ ಎಂದೇ ಕರೆಯುತ್ತಿದ್ದಳು; ನಮಗೂ ಅವನು ಉದ್ದಣ್ಣನೇ. ನನ್ನನ್ನು ಕಂಡು ಎದ್ದು ನಿಂತವನು, ವಿಷಯ ಕೇಳಿ ಹಾಗೆಯೇ ಕುಸಿದು ಕೂತ. ಸೊಸೆ ಆಸ್ಪತ್ರೆ ಸೇರಿದಾಗ ಬೀದಿಯ ಬಾಗಿಲಿನ ವಿವರದ ಹಾಳೆ ಇನ್ನೂ ಆಗಿರಲಿಲ್ಲ. ಕೆಲಸ ನಿಲ್ಲಿಸುವಂತಿರಲಿಲ್ಲ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಉಳಿದ ಹಾಳೆಗಳನ್ನು ಪೂರ್ತಿ ಮಾಡಿದಳು. ಸಾಮಾನು ಕೋಣೆಗೆ ಬಾಗಿಲಿನ ಗುರುತು ತಪ್ಪಿ ಬಿದ್ದಿದೆ ಎಂದು ಅವಳೇ ತಿದ್ದಿ ಗೋಡೆ ಎಳೆದಳು.

"ನಾನೂ ನೋಡಿ ಸಹಿ ಹಾಕಿದೆ ಅಮ್ಮ. ಆ ದಿನಗಳಲ್ಲಿ ನಾನು ಏನು ನೋಡಿದೆ, ಏನು ಸಹಿ ಹಾಕಿದೆ, ದೇವರಿಗೇ ಗೊತ್ತು" ಎಂದ. ಆ ಹುಡುಗಿ ಮೂಲೆಯಲ್ಲಿ ಅಳುತ್ತಿದ್ದಳು. ನಾನು ಹೋಗಿ ಅವಳ ತಲೆ ಸವರಿ ಬಂದೆ. ಯಾರ ಮೇಲೆ ಸಿಟ್ಟು ಮಾಡುವುದು? ಸಿಟ್ಟು ಮಾಡಲು ಒಬ್ಬರಾದರೂ ಸಿಕ್ಕಿದ್ದರೆ ಮೈ ಹಗುರವಾಗುತ್ತಿತ್ತು.

ಮನೆಗೆ ಬಂದು ಮಗನಿಗೆ ಹೇಳಿದೆ. ಅವನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅವಳೇ ಹೋದಳು. ಇನ್ನು ಬಾಗಿಲು ಯಾವ ಲೆಕ್ಕ? ಬಿಟ್ಟುಬಿಡು ಅಮ್ಮ."

ಬಿಡಲಿಲ್ಲ. ಉದ್ದಣ್ಣನೂ ಬಿಡಲಿಲ್ಲ. ಅವನೇ ಶಾಲೆಯ ದೊಡ್ಡ ಮೇಡಂ ಹತ್ತಿರ ಮಾತಾಡಿ, ಬೀದಿಯವರನ್ನೂ ಮಕ್ಕಳ ತಂದೆತಾಯಿಗಳನ್ನೂ ಸೇರಿಸಿ ಒಂದು ಸಭೆ ಮಾಡಿಸಿದ. ಮೇಡಂ ವರ್ಗವಾಗಿ ಬಂದವರು, ಹಿಂದಿನ ಮಾತುಕತೆ ಅವರಿಗೆ ಗೊತ್ತಿರಲಿಲ್ಲ. ಆದರೂ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ತರಗತಿಗಳು ಮೊದಲಾಗಿ ಇನ್ನೂ ಹತ್ತು ದಿನವಾಗಿರಲಿಲ್ಲ, ಬಣ್ಣದ ವಾಸನೆ ಹೋಗಿರಲಿಲ್ಲ. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಿಸಿಕೊಂಡು ಕೂತಿದ್ದರು.

ಕಟ್ಟಡದ ಭಾರದ ಲೆಕ್ಕ ನೋಡಿದ್ದ ಇಂಜಿನಿಯರ್ ಎದ್ದು ಹೇಳಿದ. ಮೊದಲಿನ ನಕ್ಷೆಯಲ್ಲಿ ಆ ಜಾಗಕ್ಕೆ ದೊಡ್ಡ ತೊಲೆ ಇತ್ತು. ಸಾಮಾನು ಕೋಣೆಗೆ ಅಷ್ಟು ಅಗಲದ ಬಾಗಿಲೂ ಬೇಡ, ತೊಲೆಯೂ ಬೇಡ ಎಂದು ಗೋಡೆಯನ್ನೇ ದಪ್ಪ ಮಾಡಿದರು. ಈಗ ಮೇಲಿನ ಎರಡು ತರಗತಿಗಳ ಭಾರ ಆ ಗೋಡೆಯ ಮೇಲಿದೆ.

"ಒಬ್ಬ ಮನುಷ್ಯ ತೂರುವಷ್ಟು ಬಾಗಿಲಾದರೂ?" ಎಂದು ನಾನು ಕೇಳಿದೆ.

"ಮೇಲೆ ಬಿರುಕು ಬಂದರೆ? ಮಕ್ಕಳು ಕೂರೋ ಜಾಗ ಅಮ್ಮ. ಮೇಲಿನ ಎರಡು ತರಗತಿ ಖಾಲಿ ಮಾಡದೆ ನಾನು ಸುತ್ತಿಗೆ ಮುಟ್ಟಿಸೋದಿಲ್ಲ. ಖಾಲಿ ಮಾಡಿಕೊಟ್ಟರೆ ತೊಲೆ ಕೂರಿಸಿಕೊಡಬಹುದು. ಒಂದು ವರ್ಷ ಹಿಡಿಯುತ್ತೆ."

"ಅಂದರೆ ಆಗುತ್ತೆ ಅಂತೀರೋ, ಆಗಲ್ಲ ಅಂತೀರೋ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಆಗಲ್ಲ ಅಂತ ಹೇಳ್ತಿಲ್ಲ, ಕಷ್ಟ ಅಂತಿದೀನಿ."

"ಅಳಿಯ ಅಲ್ಲ, ಮಗಳ ಗಂಡ!"

ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ಒಬ್ಬ ತಾಯಿ ಎದ್ದಳು. "ಆ ಎರಡು ತರಗತಿಯ ಮಕ್ಕಳು ಎಲ್ಲಿ ಕೂರಬೇಕು? ಮತ್ತೆ ಗೋದಾಮಿಗಾ?"

ಶಾಲೆ ಕಟ್ಟುವವರೆಗೆ ಮಕ್ಕಳು ದೊಡ್ಡ ರಸ್ತೆಯ ಆಚೆ ಮರದ ಗೋದಾಮಿನಲ್ಲಿ ಕೂತಿದ್ದರು. ಬೆಳಗ್ಗೆ, ಸಂಜೆ ಕೈ ಹಿಡಿದು ರಸ್ತೆ ದಾಟಿಸುವುದೇ ತಾಯಂದಿರಿಗೆ ಒಂದು ಕೆಲಸವಾಗಿತ್ತು. ಗೋದಾಮು ಎಂಬ ಮಾತಿಗೇ ಸಭೆಯೆಲ್ಲ ಗದ್ದಲವಾಯಿತು.

"ಶಾಲೆ ಇರೋದು ಮಕ್ಕಳು ಓದೋದಕ್ಕೆ. ಮುದುಕರು ಕೂರೋದಕ್ಕಲ್ಲ" ಎಂದ ಒಬ್ಬ ತಂದೆ.

"ನಿನಗೂ ವಯಸ್ಸಾಗುತ್ತಪ್ಪ, ಇರು. ಆಗ ಎಲ್ಲಿ ಕೂರ್ತೀಯೋ ನಾನೂ ನೋಡ್ತೀನಿ" ಎಂದಳು ಒಬ್ಬ ಅಜ್ಜಿ.

"ನೋಡೋದಕ್ಕೆ ನೀನು ಇರಬೇಕಲ್ಲಜ್ಜಿ!"

ದೊಡ್ಡ ಮೇಡಂ ಮೇಜು ತಟ್ಟಿ ಸುಮ್ಮನಿರಿಸಿದರು. ಇಸ್ತ್ರಿಯವನನ್ನು ಕರೆದು, ನಿಮಗೆ ಬೇಕಾಗಿದ್ದ ಕೋಣೆಯಲ್ಲವೇ, ಹೇಳಿ ಎಂದರು. ಅವನ ಮಗಳು ಮೇಲಿನ ಎರಡು ತರಗತಿಗಳಲ್ಲಿ ಒಂದರಲ್ಲಿ ಓದುತ್ತಾಳೆ. ಅವನು ಎದ್ದು ನಿಂತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಒಂದಕ್ಕೊಂದು ಉಜ್ಜಿಕೊಂಡ.

"ನನ್ನ ಕೇಳಿದರೆ ಏನು ಹೇಳಲಿ ಮೇಡಂ? ಒಂದು ಕಣ್ಣಿಗೆ ತಾಯಿ, ಒಂದು ಕಣ್ಣಿಗೆ ಮಗಳು. ಈ ಅಮ್ಮ ಇಲ್ಲೇ ಕೂತಿದ್ದಾರಲ್ಲ, ಅವರೇ ಹೇಳಲಿ."

ಮೇಡಂ ನನ್ನ ಕಡೆ ತಿರುಗಿದರು. "ಅಮ್ಮ, ಇದು ನಿಮ್ಮ ಸೊಸೆಯ ಶಾಲೆ. ನೀವು ಒಡೀರಿ ಅಂದರೆ ನಾನು ಮೇಲಿನವರ ಹತ್ತಿರ ಜಗಳ ಆಡಿ ಒಡೆಸ್ತೀನಿ. ಈ ಜನ ನಿಮ್ಮ ಮಾತು ಮೀರಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ಐವತ್ತು ವರ್ಷ ತಪ್ಪದೆ ಪ್ರಾರ್ಥನೆ ಮಾಡಿದವಳು ನಾನು. ಒಂದು ಮಾತು ಕೊಡು ತಂದೆ ಎಂದು ಕೇಳಿದೆ. ಏನೂ ಬರಲಿಲ್ಲ. ಬೆಂಚುಗಳು ಕಿರುಗುಟ್ಟುವುದು ಮಾತ್ರ ಕೇಳಿಸಿತು. ಸೊಸೆ ಇದ್ದಿದ್ದರೆ ಪೆನ್ಸಿಲು ಹಿಡಿದು ಕೂತು ಮೂರನೆಯ ದಾರಿಯೊಂದನ್ನು ಹುಡುಕುತ್ತಿದ್ದಳು. ನನಗೆ ಎರಡೇ ದಾರಿ ಕಾಣುತ್ತಿತ್ತು, ಎರಡರಲ್ಲೂ ನಡೆಯುವವರು ನನ್ನ ಬೀದಿಯವರೇ.

"ಇರಲಿ ಬಿಡಿ" ಎಂದೆ. "ಮಕ್ಕಳನ್ನ ಎಬ್ಬಿಸೋದು ಬೇಡ."

ಯಾರೂ ಚಪ್ಪಾಳೆ ತಟ್ಟಲಿಲ್ಲ, ಅಷ್ಟರಮಟ್ಟಿಗೆ ದೇವರು ದೊಡ್ಡವನು. ಮೇಡಂ ನನ್ನ ಹತ್ತಿರ ಬಂದು, ಆ ಕೋಣೆಗೆ ನಿಮ್ಮ ಸೊಸೆಯ ಹೆಸರು ಬರೆಸೋಣ ಎಂದರು. ಮುರಿದ ಬೆಂಚುಗಳ ಕೋಣೆಗೆ ಬೇಡ ತಾಯಿ ಎಂದು ಕೈಮುಗಿದೆ.

ಹೊರಗೆ ಇಸ್ತ್ರಿಯವನು ಕಾದಿದ್ದ. "ಅಮ್ಮನಿಗೆ ನಾನು ಹೇಳಲಾರೆ. ದಿನಾ ಬೆಳಗ್ಗೆ ಕೇಳ್ತಾಳೆ, ಬಾಗಿಲು ಬಿಟ್ಟರಾ ಅಂತ" ಎಂದ. ನಾನೇ ಹೇಳುತ್ತೇನೆ ಎಂದು ಅವನ ಮನೆಗೆ ಹೋದೆ. ಚಿಲಕ ತೆಗೆದು ಒಳಗೆ ಹೋದರೆ ಮುದುಕಿ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಮಂಚದ ಮೇಲೆ ಕೂತಿದ್ದಳು. ಅಂದು ಅವಳಿಗೆ ಎಲ್ಲ ಸರಿಯಿದ್ದ ದಿನ. ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ ನನ್ನದು. ಗೋಡೆಯ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನನ್ನ ಮೊಮ್ಮಗಳು ಕೂರೋದು ಮೇಲೇನಾ?"

"ಹೌದು. ಮೇಲೆ, ಕಿಟಕಿ ಪಕ್ಕ."

"ಸರಿ ಹಾಗಿದ್ರೆ."

ಸ್ವಲ್ಪ ಹೊತ್ತು ಅವಳ ಕೈ ಹಿಡಿದು ಕೂತಿದ್ದೆ. ಸೆಕೆ ಬಹಳವಿತ್ತು. ಗಾಳಿಗೆಂದು ನಾನು ಬಾಗಿಲನ್ನು ಅರ್ಧ ತೆರೆದಿಟ್ಟಿದ್ದೆ. ಬೀದಿಯಲ್ಲಿ ಹೋಗುವವರ ಕಾಲುಗಳನ್ನು ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಾನು ಹೊರಡಲು ಎದ್ದಾಗ, ಅವಳೇ ನೆನಪು ಮಾಡಿದಳು.

"ಹೋಗ್ತಾ ಚಿಲಕ ಹಾಕಿಕೊಂಡು ಹೋಗಿ ಅಕ್ಕ. ಮರೆತರೆ ಮಗ ಬೈತಾನೆ."

ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಚಿಲಕ ಹೊಸದು, ಬಿಗಿಯಾಗಿತ್ತು. ಎರಡೂ ಕೈಯಿಂದ ತಳ್ಳಬೇಕಾಯಿತು.